ಜರಡಿಯ ಕಂಕುಳಲ್ಲಿ ಬಾತುಕೋಳಿ

ಅವಳು ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ಅಂಗಡಿಯ ಬಾಗಿಲ ಮೇಲೆ ಹಾಗೆಂದೇ ಬರೆಸಿದ್ದಳು: 'ಇಲ್ಲಿ ಹೊಸದು ಹೊಲಿಯುವುದಿಲ್ಲ. ಬಿಗಿಯಾದದ್ದನ್ನು ಸಡಿಲ, ಸಡಿಲವಾದದ್ದನ್ನು ಬಿಗಿ, ಉದ್ದವಾದದ್ದನ್ನು ಗಿಡ್ಡ ಮಾಡಿಕೊಡಲಾಗುವುದು. ಗಿಡ್ಡವಾದದ್ದಕ್ಕೆ ಒಳಗೆ ಬಂದು ಮಾತಾಡಿ.' ಇಪ್ಪತ್ತಾರು ವರ್ಷ ಇದೇ ಕೆಲಸ. ಊರಿನಲ್ಲಿ ಯಾರು ದಪ್ಪಗಾದರು, ಯಾರು ಇಳಿದುಹೋದರು, ಯಾರು ಇಳಿಯುತ್ತೇನೆಂದು ಹೇಳಿಕೊಂಡು ತಿರುಗಿ ಕೊನೆಗೆ ಸೊಂಟಪಟ್ಟಿ ಬಿಚ್ಚಿಸಿಕೊಂಡು ಹೋದರು, ಎಲ್ಲವೂ ಡಾಕ್ಟರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಎಲ್ಲರೂ ಅವಳನ್ನು ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು.

ಕತ್ತರಿಯಕ್ಕನಿಗೆ ಮುಖಗಳು ನೆನಪಿರುತ್ತಿರಲಿಲ್ಲ. ಹೊಲಿಗೆ ನೆನಪಿರುತ್ತಿತ್ತು. 'ನಿನ್ನೆ ಸಿಕ್ಕಿದ್ರಲ್ಲ, ಎಡಗಡೆ ಜೇಬು ಜೋತುಬಿದ್ದಿರೋರು' ಎಂದರೆ ಅದು ಅವಳ ಸ್ವಂತ ಚಿಕ್ಕಪ್ಪನ ಗುರುತು. ಒಮ್ಮೆ ಪಕ್ಕದ ಮನೆಯವರು ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದಾಗ ನೋಡಲು ಹೋದವಳು, ಕಾಲಿನ ವಿಷಯ ಕೇಳುವುದನ್ನೇ ಮರೆತು, ಅವರ ಹಾಸಿಗೆಯ ಹೊದಿಕೆಯ ಅಂಚಿಗೆ ಚೀಲದಿಂದ ಸೂಜಿ ತೆಗೆದು ನಾಲ್ಕು ಹೊಲಿಗೆ ಹಾಕಿ ಎದ್ದು ಬಂದಿದ್ದಳು.

ಅವಳ ಗಂಡ ಹದಿನಾಲ್ಕನೇ ನಂಬರಿನ ಬಸ್ಸಿನ ಡ್ರೈವರ್. ಮಾತು ಕಡಿಮೆ, ಜಗಳವಿಲ್ಲ, ಹಾರ್ನ್ ಕೂಡ ಅಳತೆಯಲ್ಲಿ ಒತ್ತುವ ಮನುಷ್ಯ. ಅವನಿಗಿದ್ದದ್ದು ಒಂದೇ ಹುಚ್ಚು, ಊರಿನ ಫುಟ್‌ಬಾಲ್ ತಂಡದ್ದು. ಸಂಬಳ ಕೊಟ್ಟು ಇಟ್ಟುಕೊಂಡ ತಂಡವೇ. ಆದರೆ ದೊಡ್ಡ ದರ್ಜೆಯದಲ್ಲ, ಅದರ ಕೆಳಗಿನದು. ಹನ್ನೆರಡು ತಂಡಗಳಲ್ಲಿ ಒಂಬತ್ತನೆಯದೋ ಹತ್ತನೆಯದೋ ಆಗಿ ವರ್ಷ ಮುಗಿಸುವುದು ಅದರ ಪದ್ಧತಿ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಕೇಬಲ್ಲಿನ ಲೋಕಲ್ ಚಾನೆಲ್ಲಿನಲ್ಲಿ ಆಟ ಬರುತ್ತಿತ್ತು. ಆಗ ಈ ಮೌನಿ ಮನುಷ್ಯ ಸೋಫಾದ ಅಂಚಿಗೆ ಕೂತು ಬಾಯಿ ಬಿಡುತ್ತಿದ್ದ. 'ಬಲಕ್ಕೆ ತಗೋ. ಬಲಕ್ಕೆ ತಗೋ ಅಂದೆ. ಹಿಂದೆ ನೋಡು, ಹಿಂದೆ ಒಬ್ಬ ಬರ್ತಿದಾನೆ.' ಎದುರಾಳಿ ಗೋಲಿನ ಹತ್ತಿರ ಬಂದರೆ ಅವನ ಬಲಗಾಲು ತಾನಾಗಿಯೇ ನೆಲಕ್ಕೆ ಒತ್ತಿಕೊಳ್ಳುತ್ತಿತ್ತು, ಬ್ರೇಕು ಹುಡುಕಿಕೊಂಡು. ಆ ಜಾಗದಲ್ಲಿ ಜಮಖಾನೆ ಸವೆದು, ಅದಕ್ಕೆ ಕತ್ತರಿಯಕ್ಕ ಎರಡು ಸಲ ತೇಪೆ ಹಾಕಿದ್ದಳು.

ಅವಳು ಮಾತ್ರ ಮದುವೆಯಾದಂದಿನಿಂದ ಒಂದು ಆಟವನ್ನೂ ನೋಡಿರಲಿಲ್ಲ. ಭಾನುವಾರ ಕಿಟಕಿಯ ಬೆಳಕಿಗೆ ಮುಖ ಮಾಡಿ, ಟಿವಿಗೆ ಬೆನ್ನು ಹಾಕಿ, ಪ್ಯಾಂಟುಗಳ ಕಾಲಂಚು ಮಡಚಿ ಕೈಹೊಲಿಗೆ ಹಾಕುತ್ತ ಕೂರುತ್ತಿದ್ದಳು. ಗಂಡ 'ಅಯ್ಯೋ' ಎಂದರೆ ಚೆಂಡು ಸ್ವಲ್ಪದರಲ್ಲಿ ತಪ್ಪಿತು, ಏನೂ ಅನ್ನದಿದ್ದರೆ ಎದುರಾಳಿಗೆ ಗೋಲು, ಅಷ್ಟು ಅವಳಿಗೆ ತಿಳಿಯುತ್ತಿತ್ತು. ತಿರುಗಿ ನೋಡಿದರೂ ಪ್ರಯೋಜನವಿರಲಿಲ್ಲ. ಹಳೆಯ ದಪ್ಪ ಟಿವಿಯಲ್ಲಿ ಹಸಿರು ಮಂಜಿನೊಳಗೆ ಇರುವೆಗಳು ಓಡಾಡುತ್ತಿದ್ದವು. ಆ ಟಿವಿಯ ಬಗ್ಗೆ ಅಭಿಮಾನವಿದ್ದದ್ದು ಅತ್ತೆಯವರಿಗೆ. ಅದಕ್ಕೆ ಗಿಳಿಹಸಿರು ಬಣ್ಣದ ಬಟ್ಟೆಯ ಕವರು ಹೊಲಿದು, ಮುಂದುಗಡೆ ಹಳದಿ ದಾರದಲ್ಲಿ ಒಂದು ಬಾತುಕೋಳಿಯ ಕಸೂತಿ ಹಾಕಿದ್ದರು. ಟಿವಿ ಹಾಕುವುದಕ್ಕೆ ಮೊದಲು ಕವರು ತೆಗೆದು, ಮಡಚಿ, ಬಾತುಕೋಳಿ ಮೇಲೆ ಬರುವ ಹಾಗೆ ಇಡಬೇಕು. ಇಲ್ಲದಿದ್ದರೆ ಅವತ್ತೆಲ್ಲ ಅತ್ತೆಯವರ ಮುಖ ಊದಿಕೊಂಡಿರುತ್ತಿತ್ತು.

ಆ ಟಿವಿ ಒಂದು ದಿನ 'ಟಪ್' ಎಂದು ಕಣ್ಣು ಮುಚ್ಚಿತು. ಗಂಡ ಎರಡು ವಾರ ಊಟ ಸರಿಯಾಗಿ ಮಾಡದೆ, ಮೂರನೇ ವಾರ ಗೋಡೆಯಗಲದ ಚಪ್ಪಟೆ ಟಿವಿ ತಂದ. ಜೊತೆಗೆ ಕೇಬಲ್ಲಿನವನು ಬಂದು ಎಚ್‌ಡಿ ಪೆಟ್ಟಿಗೆ ಜೋಡಿಸಿದ. ಲೋಕಲ್ ಚಾನೆಲ್ಲಿನವರೂ ಹೊಸ ಕ್ಯಾಮೆರಾ ತರಿಸಿದ್ದಾರಂತೆ, ಈ ಸಲದ ಆಟಗಳೆಲ್ಲ ಎಚ್‌ಡಿಯಲ್ಲೇ ಅಂತೆ.

'ಇನ್ಮೇಲೆ ನೋಡಿ ಸರ್' ಎಂದ ಕೇಬಲ್ಲಿನವನು, ತಂತಿ ಬಿಗಿಯುತ್ತ. 'ಆಟಗಾರರ ಕೆನ್ನೆ ಮೇಲಿರೋ ಮಚ್ಚೆ ಎಣಿಸಬಹುದು.'

'ಮಚ್ಚೆ ಎಣಿಸಿ ನಮಗೇನಾಗಬೇಕಾಗಿದೆಯಪ್ಪ' ಎಂದರು ಅತ್ತೆ. ಅವರಿಗೆ ಎಂಬತ್ತನಾಲ್ಕು. ಚಪ್ಪಟೆ ಟಿವಿಗೆ ಕವರು ಕೂರುವುದಿಲ್ಲವೆಂದು ಆಗಲೇ ಅವರಿಗೆ ಬೇಜಾರಾಗಿತ್ತು.

ಭಾನುವಾರ ಬಂತು. ಆಟ ಶುರುವಾಗಿ ಐದು ನಿಮಿಷಕ್ಕೆ ಒಬ್ಬ ಆಟಗಾರ ಕ್ಯಾಮೆರಾ ಮುಂದೆ ಬಂದು ಬಾಯಿ ತುಂಬ ಉಗುಳಿದ. ಅತ್ತೆ ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಎಳೆದುಕೊಂಡರು.

'ಸ್ವಲ್ಪ ಆಚೆ ಹೋಗಿ ಉಗೀಬಾರದಾ ಇವನು?'

'ಅಮ್ಮ, ಅದು ಟಿವಿ.'

'ಗೊತ್ತು ಕಣೋ. ಆದರೂ ಮನೆಯೊಳಗೆ ಹೆಂಗಸರಿದ್ದೀವಿ.'

ಇದೆಲ್ಲ ಕೇಳಿ ಕತ್ತರಿಯಕ್ಕ ತಿರುಗಲಿಲ್ಲ. ಅವಳು ತಿರುಗಿದ್ದು ದಾರದ ಉಂಡೆ ಕೈಜಾರಿ ಟಿವಿಯತ್ತ ಉರುಳಿದ್ದಕ್ಕೆ. ಬಗ್ಗಿ ಅದನ್ನು ಎತ್ತಿಕೊಂಡು ತಲೆ ಎತ್ತಿದಳು. ಎದುರಿಗೆ, ಗೋಡೆಯಗಲ, ಒಂಬತ್ತನೇ ನಂಬರಿನ ಆಟಗಾರನ ಹಿಂಭಾಗವಿತ್ತು. ಅವಳು ಹಾಗೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು.

'ಏನ್ರೀ, ಇವರ ಬಟ್ಟೆ ಯಾರು ಹೊಲಿದಿದ್ದು?'

ಗಂಡ ಬೆಚ್ಚಿಬಿದ್ದ. ಮದುವೆಯಾದ ಮೇಲೆ ಫುಟ್‌ಬಾಲಿನ ಬಗ್ಗೆ ಹೆಂಡತಿ ಕೇಳಿದ ಮೊದಲನೇ ಪ್ರಶ್ನೆ ಅದು. ಸಂತೋಷದಿಂದ ಅವನು ಸೋಫಾದಿಂದ ಅರ್ಧ ಎದ್ದ. 'ಹೊರಗಿಂದ ಬರುತ್ತೆ ಅನ್ಸುತ್ತೆ. ಯಾಕೆ, ಚೆನ್ನಾಗಿದೆಯಾ?'

'ಒಂಬತ್ತನೇ ನಂಬರಿನವನ ಚಡ್ಡಿ ನಡು ಹೊಲಿಗೆ ಬಿಡ್ತಾ ಇದೆ. ಮೇಲಿಂದ ಮೂರು ಬೆರಳು ಕೆಳಗೆ ದಾರ ಹರಿದಿದೆ ನೋಡಿ. ಇನ್ನೊಂದು ಸಲ ಕಾಲು ಅಗಲಿಸಿ ಓಡಿದ್ರೆ ಮುಗೀತು.'

'ಸುಮ್ನಿರೇ. ಅವನು ನಮ್ಮ ಒಳ್ಳೆ ಪ್ಲೇಯರ್ರು.'

ಒಳ್ಳೆಯ ಆಟಗಾರ ಚೆಂಡು ಹಿಡಿದು, ಇಬ್ಬರನ್ನು ದಾಟಿ, ಗೋಲಿನ ಮುಂದೆ ಕಾಲು ಎತ್ತಿದ. ಚಡ್ಡಿ ಮೇಲಿಂದ ಕೆಳಗಿನ ತನಕ ಎರಡು ಹೋಳಾಯಿತು. ಚೆಂಡು ಎತ್ತಲೋ ಹೋಯಿತು. ಅವನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಶಾಲೆಯ ಇನ್ಸ್‌ಪೆಕ್ಟರ್ ನಡೆದ ಹಾಗೆ ಗಂಭೀರವಾಗಿ ಮೈದಾನದಿಂದ ಆಚೆ ನಡೆದ.

ಗಂಡ ಎದ್ದು, ಕಿಟಕಿಯ ಬಳಿಯಿದ್ದ ಅವಳ ಕುರ್ಚಿಯನ್ನು ತಂದು ಟಿವಿಯ ಎದುರಿಗೆ ಹಾಕಿದ.

ಅಲ್ಲಿಂದ ಮುಂದೆ ಭಾನುವಾರ ಮೂರು ಗಂಟೆಗೆ ಕತ್ತರಿಯಕ್ಕನೇ ಮೊದಲು ಬಂದು ಕೂರತೊಡಗಿದಳು. ಯಾರು ಗೆದ್ದರು, ಯಾರು ಸೋತರು ಎಂಬುದು ಅವಳಿಗೆ ಲೆಕ್ಕಕ್ಕಿರಲಿಲ್ಲ. ಕಾಲ್ಚೀಲದ ಎಲಾಸ್ಟಿಕ್ಕು, ಕಾಲರಿನ ಕೂರಿಕೆ, ಬೆನ್ನಿನ ನಂಬರು ಓರೆಯೋ ನೇರವೋ, ಇಷ್ಟೇ ಅವಳ ಆಟ. ಹೊಸ ಪೆಟ್ಟಿಗೆಯಲ್ಲಿ ಚಿತ್ರ ನಿಲ್ಲಿಸಬಹುದು, ಹಿಂದಕ್ಕೂ ತಿರುಗಿಸಬಹುದು ಎಂದು ತಿಳಿದ ದಿನ ಮನೆಯಲ್ಲಿ ರಿಮೋಟಿಗಾಗಿ ಜಗಳ ಶುರುವಾಯಿತು. ಗಂಡ ಗೋಲು ನೋಡಬೇಕೆಂದು ಹಿಂದಕ್ಕೆ ತಿರುಗಿಸಿದರೆ, ಅವಳು ಗೋಲಿಗೆ ಎರಡು ಸೆಕೆಂಡು ಮೊದಲೇ ನಿಲ್ಲಿಸಿಬಿಡುತ್ತಿದ್ದಳು.

'ಏನೇ ಮಾಡ್ತಿದೀಯ? ಚೆಂಡು ಗಾಳೀಲಿದೆ.'

'ಇರಲಿ ಬಿಡಿ, ಬೀಳಲ್ಲ. ಈ ನಾಲ್ಕನೇ ನಂಬರಿನವನ ತೋಳು ನೋಡಿ, ಎಡದ್ದನ್ನ ಬಲಕ್ಕೆ, ಬಲದ್ದನ್ನ ಎಡಕ್ಕೆ ಜೋಡಿಸಿದಾರೆ. ಪಾಪ, ಹೇಗೆ ಓಡ್ತಾನೆ?'

ಅತ್ತೆಯವರಿಗೂ ರುಚಿ ಹತ್ತಿತ್ತು. ಅವರದು ಚರ್ಮದ ವಿಭಾಗ. 'ಆ ಉದ್ದದವನಿಗೆ ಕುತ್ತಿಗೆ ಹತ್ತಿರ ಗಂಧೆ ಎದ್ದಿದೆ. ಸೋಪು ಬದಲಾಯಿಸು ಅಂತ ಯಾರಾದ್ರೂ ಹೇಳಬಾರದಾ' ಎಂದು ವಾರವೆಲ್ಲ ಕೊರಗುತ್ತಿದ್ದರು.

ಇಷ್ಟರಲ್ಲಿ ತಂಡದ ಸ್ಥಿತಿ ಮಾತ್ರ ಹದಗೆಟ್ಟಿತ್ತು. ಎಂಟು ಆಟಗಳಲ್ಲಿ ಏಳು ಸೋಲು. ಊರಿನವರ ಸಿಟ್ಟೆಲ್ಲ ಗೋಲ್‌ಕೀಪರಿನ ಮೇಲೆ. ಅವನು ಊರಿನವನೇ, ತೆಂಗಿನ ಮರದಷ್ಟು ಎತ್ತರ, ಹೋದ ವರ್ಷದ ತನಕ ಒಳ್ಳೆಯ ಹೆಸರಿತ್ತು. ಈ ವರ್ಷ ಚೆಂಡು ಬಲಗಡೆ ಮೇಲಿನ ಮೂಲೆಗೆ ಬಂದರೆ ಸಾಕು, ಒಂದು ಗೇಣು ಅಂತರದಲ್ಲಿ ತಪ್ಪಿಸಿಕೊಂಡು ಬಲೆ ಸೇರುತ್ತಿತ್ತು. ಎದುರಾಳಿಗಳಿಗೂ ಅದು ಗೊತ್ತಾಗಿ, ಎಲ್ಲರೂ ಅಲ್ಲಿಗೇ ಹೊಡೆಯುತ್ತಿದ್ದರು. ಊರಿನ ಜನ ಅವನಿಗೆ ಜರಡಿ ಎಂದು ಹೆಸರಿಟ್ಟಿದ್ದರು.

'ನನ್ನ ಬಸ್ಸಲ್ಲೇ ಪ್ರಾಕ್ಟೀಸಿಗೆ ಹೋಗ್ತಾನೆ ಆ ಜರಡಿ' ಎನ್ನುತ್ತಿದ್ದ ಗಂಡ. 'ಮೊನ್ನೆ ಕೂಡ ಸರಿಯಾಗಿ ನೀರಿಳಿಸಿದೆ. ಕೈಗೆ ಬೆಣ್ಣೆ ಹಚ್ಚಿಕೊಂಡು ಬರ್ತೀಯೇನಯ್ಯ ಅಂತ ಕೇಳ್ದೆ. ತಲೆ ಬಗ್ಗಿಸಿಕೊಂಡು ನಿಂತಿದ್ದ.'

ಒಂಬತ್ತನೇ ಆಟದ ದಿನ ಮತ್ತೆ ಅದೇ ಮೂಲೆಗೆ ಗೋಲು ಬಿತ್ತು. ಕತ್ತರಿಯಕ್ಕ ರಿಮೋಟು ತೆಗೆದುಕೊಂಡು ಚಿತ್ರವನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿದಳು. ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ. ಆಮೇಲೆ ಎದ್ದು ಹೋಗಿ ಟೇಪು ತಂದು ಟಿವಿಯ ಮೇಲೇ ಇಟ್ಟು ಅಳತೆ ನೋಡಿದಳು.

'ಇವನ ಎಡಗೈ ಎಲ್ಲಿದೆ ನೋಡಿ' ಎಂದಳು.

ಗಂಡ ಹತ್ತಿರ ಬಂದ. ಜರಡಿ ಗಾಳಿಯಲ್ಲಿದ್ದ. ಬಲಗೈ ಚೆಂಡಿನ ಕಡೆ ಚಾಚಿತ್ತು. ಎಡಗೈ ಅಂಗಿಯ ತುದಿಯನ್ನು ಗಟ್ಟಿಯಾಗಿ ಹಿಡಿದು ಕೆಳಕ್ಕೆ ಎಳೆಯುತ್ತಿತ್ತು.

'ಕಂಕುಳ ಹತ್ತಿರ ಬಿಗಿಯಾಗಿ ಕತ್ತರಿಸಿದಾರೆ. ಕೈ ಎತ್ತಿದ್ರೆ ಅಂಗಿ ಪೂರ್ತಿ ಮೇಲೆ ಬರುತ್ತೆ. ಹೊಟ್ಟೆ ಕಾಣಬಾರದು ಅಂತ ಇವನು ಅದನ್ನ ಕೆಳಗೆ ಎಳೀತಾನೆ. ಎಳೆದ್ರೆ ಬಲಭುಜವೂ ಕೆಳಗೆ ಬರುತ್ತೆ. ಅದೇ ನಿಮ್ಮ ಒಂದು ಗೇಣು.' ಅವಳು ಕೂತುಕೊಂಡಳು. 'ಇವನು ಗೋಲು ಕಾಯ್ತಿಲ್ಲ ಕಣ್ರೀ. ಹೊಕ್ಕಳು ಕಾಯ್ತಿದಾನೆ.'

ಗಂಡ ಬಹಳ ಹೊತ್ತು ಆ ಚಿತ್ರವನ್ನೇ ನೋಡಿದ. 'ಹೋದ ವರ್ಷ ಹೀಗೆ ಮಾಡ್ತಿರಲಿಲ್ಲವಲ್ಲ.'

'ಹೋದ ವರ್ಷ ಎಚ್‌ಡಿ ಇರಲಿಲ್ಲ' ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ.

ಅದನ್ನು ಕೇಳಿ ಗಂಡನ ಮುಖ ಬಿಳುಚಿಕೊಂಡಿತು. ಊರಿನ ತಂಡ ಸೋಲುತ್ತಿದ್ದದ್ದು ತನ್ನಂಥವರು ಆಸೆಪಟ್ಟು ತರಿಸಿಕೊಂಡ ಪೆಟ್ಟಿಗೆಯಿಂದ. ಮಾರನೆಯ ದಿನ ಅವನು ಪೆಟ್ಟಿಗೆಯ ತಂತಿ ಕಿತ್ತು ಇಟ್ಟ. ಅವನೊಬ್ಬ ನೋಡದಿದ್ದರೆ ಉಳಿದವರು ನೋಡುವುದಿಲ್ಲವೇ ಎಂದು ಕತ್ತರಿಯಕ್ಕ ಕೇಳಿದ್ದಕ್ಕೆ, 'ನನ್ನ ಪಾಲಿಂದು ನಾನು ಮಾಡ್ತೀನಿ' ಎಂದ. ಸಂಜೆ ಅತ್ತೆ ತಾವೇ ಸ್ಟೂಲು ಹತ್ತಿ ತಂತಿ ಸಿಕ್ಕಿಸಿದರು. ಗಂಧೆ ಎದ್ದವನ ಸ್ಥಿತಿ ಏನಾಯಿತೋ ಎಂದು ಅವರಿಗೆ ಯೋಚನೆ.

'ನಿಮ್ಮ ಬಸ್ಸಲ್ಲೇ ಬರ್ತಾನಲ್ಲ, ಅಂಗಿ ತಂದುಕೊಡು ಅಂತ ಹೇಳಿ. ಒಂದು ಗಂಟೆ ಕೆಲಸ' ಎಂದಳು ಕತ್ತರಿಯಕ್ಕ.

'ನಾಳೆ ಹೇಳ್ತೀನಿ. ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ.'

ಮಂಗಳವಾರ ಬಸ್ಸಿನಲ್ಲಿ ಜನ ಜಾಸ್ತಿ ಎಂದ. ಬುಧವಾರ ಬ್ರೇಕಿನ ಸದ್ದು ಕೇಳಿಸುತ್ತಿತ್ತು, ಗಮನವೆಲ್ಲ ಅಲ್ಲೇ ಇತ್ತು ಎಂದ. ಗುರುವಾರ ಬೆಳಿಗ್ಗೆ ಕತ್ತರಿಯಕ್ಕ ಅಂಗಡಿಗೆ ಅರ್ಧ ಗಂಟೆ ಬೀಗ ಹಾಕಿ, ಟೇಪು ಕೊರಳಿಗೆ ಹಾಕಿಕೊಂಡು, ತಾನೇ ಹದಿನಾಲ್ಕನೇ ನಂಬರಿನ ಬಸ್ಸು ಹತ್ತಿ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತಳು. ಮೂರನೇ ಸ್ಟಾಪಿನಲ್ಲಿ ಜರಡಿ ಹತ್ತಿದ.

'ಬನ್ನಿ ಸರ್, ಬನ್ನಿ' ಎಂದ ಅವಳ ಗಂಡ, ಅವಳು ಜನ್ಮದಲ್ಲಿ ಕೇಳಿರದ ದನಿಯಲ್ಲಿ. 'ನಿಧಾನ, ಮೆಟ್ಟಿಲು ಒದ್ದೆ ಇದೆ. ಮೊನ್ನೆ ಚೆನ್ನಾಗಿ ಆಡಿದ್ರಿ ಸರ್. ಸ್ವಲ್ಪದರಲ್ಲಿ ತಪ್ಪಿತು.'

ಅಷ್ಟು ಹೇಳಿ ಕನ್ನಡಿ ನೋಡಿದ. ಕನ್ನಡಿಯಲ್ಲಿ ಹೆಂಡತಿ ಕಂಡಳು. ಅಲ್ಲಿಂದ ಮುಂದಿನ ಎರಡು ಸ್ಟಾಪು ಅವನು ಕತ್ತು ಆಡಿಸದೆ, ಪರೀಕ್ಷೆ ಕೊಡುತ್ತಿರುವ ಲರ್ನರಿನ ಹಾಗೆ ಬಸ್ಸು ಓಡಿಸಿದ.

ಕತ್ತರಿಯಕ್ಕನ ಗಮನ ಗಂಡನ ಮೇಲಿರಲಿಲ್ಲ. ಜರಡಿ ಮೇಲಿನ ಕಂಬಿ ಹಿಡಿದು ನಿಂತಿದ್ದ. ಅವನ ಮಾಮೂಲಿ ಅಂಗಿ ಕೂಡ ಸೊಂಟದಿಂದ ಮೇಲೆದ್ದಿತ್ತು. ಅವನ ಎಡಗೈ ಅದನ್ನು ಕೆಳಗೆ ಹಿಡಿದುಕೊಂಡಿತ್ತು. ಅವಳು ಎದ್ದು ಅವನ ಪಕ್ಕ ನಿಂತಳು.

'ಇನ್ನೊಂದು ಕೈಯೂ ಎತ್ತಿ.'

'ಯಾಕಕ್ಕ?'

'ಅಳತೆ ತಗೋಬೇಕು.'

ಹಿಂದಿನ ಸೀಟಿನವರು ಪೇಪರು ಮಡಚಿದರು. ಜರಡಿ ಕೆಂಪಾಗಿ, ಎರಡೂ ಕೈ ಎತ್ತಿ ಕಂಬಿ ಹಿಡಿದ. ಅಂಗಿ ಎದ್ದಿತು. ಕತ್ತರಿಯಕ್ಕ ಕಂಕುಳಿಂದ ಸೊಂಟಕ್ಕೆ, ಭುಜದಿಂದ ಮಣಿಕಟ್ಟಿಗೆ ಟೇಪು ಹಿಡಿದು, ಬಸ್ಸು ಕುಲುಕಿದಾಗ ಒಮ್ಮೆ ಅವನ ಸೊಂಟವನ್ನೇ ಆಧಾರಕ್ಕೆ ಹಿಡಿದುಕೊಂಡು, ಅಳತೆಗಳನ್ನು ಅಂಗೈ ಮೇಲೆ ಬರೆದುಕೊಂಡಳು.

'ಯಾರು ಏನಂದ್ರು ನಿಮಗೆ?' ಎಂದು ಕೇಳಿದಳು, ಮೆಲ್ಲಗೆ.

ಜರಡಿ ಸುತ್ತ ನೋಡಿದ. ಆಮೇಲೆ ಬಗ್ಗಿ, ಪಿಸುಮಾತಿನಲ್ಲಿ ಹೇಳಿದ. ಎಚ್‌ಡಿ ಶುರುವಾದ ಮೊದಲನೇ ಆಟದ ದಿನ ಅವನು ಮೂರು ಗೋಲು ತಡೆದಿದ್ದ. ಮನೆಗೆ ಬಂದ ಕೂಡಲೇ ದೊಡ್ಡಮ್ಮ ಫೋನು ಮಾಡಿದರು. ಆಟದ ಬಗ್ಗೆ ಏನೂ ಇಲ್ಲ. 'ಹೊಕ್ಕಳು ಎಷ್ಟು ಚೆನ್ನಾಗಿ ಕಾಣಿಸ್ತು ಕಣೋ, ಥೇಟ್ ನಿಮ್ಮ ತಾತಂದೇ' ಎಂದರು. ಆಮೇಲೆ ಚಿಕ್ಕಮ್ಮ ಮಾಡಿದರು. ಆಮೇಲೆ ಸೋದರತ್ತೆ. ಮನೆತನದಲ್ಲಿ ಯಾರ್‍ಯಾರಿಗೆ ಆ ಹೊಕ್ಕಳು ಬಂದಿದೆ ಎಂದು ಒಂದು ವಾರ ಚರ್ಚೆಯಾಯಿತು.

'ಚೆಂಡು ಬಂದಾಗ ನಾನು ಹಾರ್ತೀನಿ ಅಕ್ಕ' ಎಂದ. 'ಆದರೆ ಹಾರುವಾಗ ದೊಡ್ಡಮ್ಮ ನೆನಪಾಗ್ತಾರೆ.'

'ಕೋಚಿಗೆ ಹೇಳಲಿಲ್ವಾ?'

'ಏನಂತ ಹೇಳಲಿ?'

ಅದೂ ನಿಜವೇ. ಶುಕ್ರವಾರ ಅವನು ಆಟದ ಅಂಗಿಯನ್ನು ಪೇಪರಿನಲ್ಲಿ ಸುತ್ತಿ, ಕ್ಲಬ್ಬಿನ ಸ್ಟೋರ್‌ಕೀಪರಿಗೆ ಕಾಣದ ಹಾಗೆ ತಂದುಕೊಟ್ಟ. ಗಿಳಿಹಸಿರು ಬಣ್ಣ. ಕತ್ತರಿಯಕ್ಕ ಊರಿನ ನಾಲ್ಕು ಬಟ್ಟೆ ಅಂಗಡಿ ತಿರುಗಿದಳು. ಹುಲ್ಲಿನ ಹಸಿರಿತ್ತು, ಬಾಟಲಿಯ ಹಸಿರಿತ್ತು, ಗಿಳಿಹಸಿರು ಮಾತ್ರ ಎಲ್ಲಿಯೂ ಇರಲಿಲ್ಲ. ಮನೆಗೆ ಬಂದು ಚೀಲ ಇಟ್ಟಾಗ ಬೀರುವಿನ ಮೇಲೆ ಮಡಚಿಟ್ಟಿದ್ದ ಹಳೆಯ ಟಿವಿಯ ಕವರು ಕಣ್ಣಿಗೆ ಬಿತ್ತು. ತೆಗೆದು ಅಂಗಿಯ ಪಕ್ಕ ಹಿಡಿದಳು. ಅಕ್ಕತಂಗಿಯರ ಹಾಗಿದ್ದವು.

ಅತ್ತೆಯವರನ್ನು ಕೇಳುವುದೇ ದೊಡ್ಡ ಕೆಲಸವಾಯಿತು.

'ಕಂಕುಳಿಗಾ?' ಎಂದರು ಅವರು. 'ನಾನು ಕಣ್ಣು ನೋಯಿಸಿಕೊಂಡು ಮಾಡಿದ ಕಸೂತಿನ ಒಬ್ಬ ಗಂಡಸಿನ ಕಂಕುಳಿಗೆ ಹಾಕ್ತೀಯಾ?'

'ಬಾತುಕೋಳಿ ಮುಟ್ಟಲ್ಲ ಅತ್ತೆ. ಸುತ್ತಲಿನ ಬಟ್ಟೆ ಮಾತ್ರ ತಗೋತೀನಿ.'

ಆದರೆ ಸುತ್ತಲಿನ ಬಟ್ಟೆ ಸಾಲಲಿಲ್ಲ. ಕೆಳಗಿನ ಅಂಚಿಗೆ ನಾಲ್ಕು ಬೆರಳು ಕೊಟ್ಟು, ಎಡ ಕಂಕುಳಿಗೆ ಕೊಟ್ಟ ಮೇಲೆ, ಬಲ ಕಂಕುಳಿಗೆ ಉಳಿದದ್ದು ಬಾತುಕೋಳಿಯಿದ್ದ ಭಾಗ ಒಂದೇ. ಕತ್ತರಿಯಕ್ಕ ಕತ್ತರಿ ಹಿಡಿದುಕೊಂಡು ಸುಮಾರು ಹೊತ್ತು ಯೋಚಿಸಿದಳು. ಕಂಕುಳೊಳಗೆ ಯಾರಿಗೆ ಕಾಣುತ್ತದೆ ಎಂದುಕೊಂಡಳು. ಕೈ ಎತ್ತದ ಹೊರತು ಕಾಣುವುದಿಲ್ಲ.

ಶನಿವಾರ ಜರಡಿ ಅಂಗಡಿಗೆ ಬಂದು ಅಂಗಿ ಹಾಕಿಕೊಂಡ. 'ಹಾರಿ ನೋಡಿ' ಎಂದಳು. ಅವನು ಅಳುಕುತ್ತ ಸಣ್ಣದಾಗಿ ಹಾರಿದ. ಅಂಗಿ ಮಿಸುಕಲಿಲ್ಲ. ಇನ್ನೊಮ್ಮೆ ಹಾರಿದ, ಎರಡೂ ಕೈ ಎತ್ತಿ. ಅಂಗಡಿಯ ಟ್ಯೂಬ್‌ಲೈಟು ಒಂದು ಕಡೆ ಕಳಚಿ ಜೋತಾಡಿತು. ಅವನ ಮುಖದಲ್ಲಿ ಬಂದ ನಗು ಕತ್ತರಿಯಕ್ಕನಿಗೆ ನೆನಪಿನಲ್ಲಿ ಉಳಿಯಿತು. ಅವಳಿಗೆ ನೆನಪುಳಿದ ಕೆಲವೇ ಮುಖಗಳಲ್ಲಿ ಅದೊಂದು.

ಭಾನುವಾರ ಮೂರು ಗಂಟೆಗೆ ಮೂವರೂ ಟಿವಿ ಮುಂದೆ ಕೂತರು. ಹದಿನೈದನೇ ನಿಮಿಷಕ್ಕೆ ಎದುರಾಳಿಯೊಬ್ಬ, ಎಂದಿನಂತೆ, ಬಲಗಡೆ ಮೇಲಿನ ಮೂಲೆಗೆ ಗುರಿಯಿಟ್ಟು ಹೊಡೆದ. ಗಂಡನ ಬಲಗಾಲು ಬ್ರೇಕಿಗೆ ಹೋಯಿತು. ಜರಡಿ ಹಾರಿದ. ಎರಡೂ ಕೈ ಮೇಲಿದ್ದವು. ಚೆಂಡು ಅವನ ಅಂಗೈಗೆ ಬಡಿದು ಗೋಲಿನ ಅಡ್ಡಕಂಬದ ಮೇಲಿಂದ ಆಚೆ ಹೋಯಿತು.

ಲೋಕಲ್ ಚಾನೆಲ್ಲಿನವರಿಗೆ ಹೊಸ ಕ್ಯಾಮೆರಾದ ಉತ್ಸಾಹ ಇನ್ನೂ ಇಳಿದಿರಲಿಲ್ಲ. ಆ ಕ್ಷಣವನ್ನು ನಿಧಾನವಾಗಿ, ಹತ್ತಿರದಿಂದ, ಮೂರು ಸಲ ತೋರಿಸಿದರು. ಮೂರನೇ ಸಲ ಗೋಡೆಯಗಲಕ್ಕೂ ಜರಡಿಯ ಬಲ ಕಂಕುಳಿತ್ತು. ಕಂಕುಳ ನಡುವೆ, ಕೊಕ್ಕು ಸ್ವಲ್ಪ ಮೇಲೆತ್ತಿಕೊಂಡು, ಹಳದಿ ಬಾತುಕೋಳಿ ಈಜುತ್ತಿತ್ತು.

'ಅದೇನದು?' ಎಂದ ಕಾಮೆಂಟರಿಯವನು.

ಅತ್ತೆ ಕುರ್ಚಿಯ ತೋಳು ಹಿಡಿದುಕೊಂಡು ಎದ್ದು ನಿಂತರು. ಈಗ ಬೈಗುಳದ ಮಳೆ ಸುರಿಯುತ್ತದೆಂದು ಕತ್ತರಿಯಕ್ಕ ತಲೆ ತಗ್ಗಿಸಿದಳು.

'ನನ್ನ ಬಾತುಕೋಳಿ' ಎಂದರು ಅತ್ತೆ. ಟಿವಿಯ ಹತ್ತಿರ ಹೋಗಿ ಅದರ ಮೇಲೆ ಬೆರಳಿಟ್ಟರು. 'ಎಷ್ಟು ಸ್ಪಷ್ಟವಾಗಿ ಬರ್ತಿದೆ ನೋಡೇ. ರೆಕ್ಕೆಯ ಒಂದೊಂದು ಎಳೆನೂ ಕಾಣ್ತಿದೆ.'

ಅಂದು ಜರಡಿ ಆರು ಸಲ ಆ ಮೂಲೆಗೆ ಹಾರಿದ. ಬಾತುಕೋಳಿ ಆರು ಸಲ ಕಾಣಿಸಿಕೊಂಡಿತು. ನಮ್ಮ ಕಡೆಯವರೂ ಗೋಲು ಹೊಡೆಯಲಿಲ್ಲ, ಅದು ಬೇರೆ ಮಾತು. ಸೊನ್ನೆ ಸೊನ್ನೆಗೆ ಆಟ ಮುಗಿಯಿತು. ಗಂಡ ಬೀದಿಗೆ ಹೋಗಿ ಗುರುತಿಲ್ಲದವರ ಕೈಯನ್ನೆಲ್ಲ ಕುಲುಕಿ ಬಂದ. ಅತ್ತೆ ಪಕ್ಕದ ಮೂರು ಮನೆಗಳಿಗೆ ಹೋಗಿ ಬಾತುಕೋಳಿಯ ಕಣ್ಣಿಗೆ ಹಾಕಿದ ಗಂಟಿನ ಹೊಲಿಗೆ ಯಾವ ಥರದ್ದು ಎಂದು ವಿವರಿಸಿ ಬಂದರು.

ಗುರುವಾರ ಕ್ಲಬ್ಬಿನ ಸ್ಟೋರ್‌ಕೀಪರ್ ಅಂಗಡಿಗೆ ಬಂದ. ಬಟ್ಟೆ, ಬೂಟು, ಚೆಂಡು ಎಲ್ಲದರ ಉಸ್ತುವಾರಿ ಅವನದು. ಮುಖ ಗಂಟಿಕ್ಕಿಕೊಂಡು, ಆಟದ ಮಂಡಳಿಯಿಂದ ಬಂದ ಕಾಗದವೊಂದನ್ನು ಮೇಜಿನ ಮೇಲಿಟ್ಟ. ಆಟಗಾರರ ಉಡುಪಿನ ಮೇಲೆ ಮಂಡಳಿಯ ಒಪ್ಪಿಗೆಯಿಲ್ಲದ ಯಾವುದೇ ಪಕ್ಷಿ ಇರತಕ್ಕದ್ದಲ್ಲ ಎಂದು ಅದರಲ್ಲಿತ್ತು.

'ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಮೇಡಂ? ಇಪ್ಪತ್ತು ವರ್ಷದಿಂದ ಆ ಬಟ್ಟೆ ನೋಡಿಕೊಳ್ಳೋನು ನಾನು.'

'ನಿಮ್ಮ ನಾಲ್ಕನೇ ನಂಬರಿನವನ ತೋಳು ಅದಲು ಬದಲಾಗಿದೆ, ಅದು ಗೊತ್ತಾ?' ಎಂದಳು ಕತ್ತರಿಯಕ್ಕ.

ಸ್ಟೋರ್‌ಕೀಪರ್ ಕಾಗದವನ್ನು ಪಕ್ಕಕ್ಕೆ ಸರಿಸಿದ. 'ಅದಕ್ಕೇನಾ ಅವನು ಯಾವಾಗಲೂ ಒಂದೇ ಕಡೆ ತಿರುಗೋದು?'

ಅವನು ಕೂತ. ಚಹಾ ಬಂತು. ಬಾತುಕೋಳಿ ಏನು ಮಾಡುವುದೆಂದು ಮಾತಾಯಿತು. ಅದನ್ನು ಬಿಚ್ಚಿದರೆ ಊಟ ಬಿಡುತ್ತೇನೆಂದು ಅತ್ತೆ ಹೇಳಿಯಾಗಿತ್ತು. ಕೊನೆಗೆ ಕತ್ತರಿಯಕ್ಕ ಆ ತುಂಡನ್ನು ಮಗುಚಿ ಹೊಲಿದು, ಕಸೂತಿ ಒಳಗಡೆ ಬರುವ ಹಾಗೆ ಮಾಡಿ, ಹೊರಗೆ ಕಾಣುವ ದಾರ, ಗಂಟುಗಳ ಮೇಲೆ ಕವರಿನ ಉಳಿದ ಚೂರುಗಳಿಂದ ಜೋಡಿಸಿದ ಹಸಿರು ಪಟ್ಟಿ ಇಟ್ಟಳು. ಪಕ್ಷಿ ಇತ್ತು, ಕಾಣುತ್ತಿರಲಿಲ್ಲ. ಮಂಡಳಿಗೂ ಸಮಾಧಾನ, ಅತ್ತೆಗೂ ಸಮಾಧಾನ.

ಇದರಿಂದ ಆದದ್ದನ್ನು ಮಾತ್ರ ಯಾರೂ ಊಹಿಸಿರಲಿಲ್ಲ. ಬಾತುಕೋಳಿಯ ಬಾಲ ಕಂಕುಳಿಗೆ ತಾಕಿ ಜರಡಿಗೆ ಕಚಗುಳಿ ಆಗತೊಡಗಿತು. ಕೈ ಎತ್ತಿ ಹಾರಿದಾಗಲೆಲ್ಲ ಅವನು ಕಿಸಕ್ಕನೆ ನಗುತ್ತಿದ್ದ. ಎಷ್ಟು ಬಲವಾಗಿ ಹೊಡೆದರೂ ಚೆಂಡು ತಡೆದು ನಗುವ ಗೋಲ್‌ಕೀಪರನ್ನು ಎದುರಾಳಿಗಳು ಹಿಂದೆಂದೂ ಕಂಡಿರಲಿಲ್ಲ. ಅವರು ಅದನ್ನು ಅವಮಾನವೆಂದು ಭಾವಿಸಿ, ಸಿಟ್ಟಿನಿಂದ ಇನ್ನೂ ಜೋರಾಗಿ ಹೊಡೆದು, ಚೆಂಡನ್ನು ಗ್ಯಾಲರಿಗೆ ಕಳಿಸುತ್ತಿದ್ದರು. ಎಚ್‌ಡಿಯಲ್ಲಿ ಅವನ ಹಲ್ಲಿನ ಸಾಲು ಕೂಡ ಕಾಣುತ್ತಿತ್ತು. ಈ ಬಾರಿ ದೊಡ್ಡಮ್ಮ ಫೋನು ಮಾಡಿ, ಹಲ್ಲು ಯಾರದೆಂದು ಹೇಳಿದರಂತೆ.

ವರ್ಷದ ಕೊನೆಗೆ ತಂಡ ಆರನೆಯದಾಯಿತು. ಹನ್ನೊಂದು ವರ್ಷಗಳಲ್ಲಿ ಅಷ್ಟು ಮೇಲೆ ಬಂದಿರಲಿಲ್ಲ. ಊರಿನವರು ಜರಡಿ ಎಂಬ ಹೆಸರನ್ನು ಬಿಡಲಿಲ್ಲ, ಈಗ ಪ್ರೀತಿಯಿಂದ ಕರೆಯುತ್ತಿದ್ದರು. ಸ್ಟೋರ್‌ಕೀಪರ್ ಪ್ರತಿ ಬುಧವಾರ ದೊಡ್ಡ ಚೀಲ ಹೊತ್ತು ಬಂದು, ಅಂಗಿ ಚಡ್ಡಿಗಳನ್ನು ರಾಶಿ ಹಾಕಿ, ಎದುರಿಗೆ ಕೂತು ಗುಂಡಿ ಹೊಲಿಯುವುದನ್ನು ಕಲಿಯತೊಡಗಿದ. ಕೈ ಒರಟು, ಆದರೆ ಕಲಿಯುವ ಆಸೆಯಿತ್ತು.

ಮುಂದಿನ ವರ್ಷದ ಮೊದಲ ಆಟಕ್ಕೆ ಕ್ಲಬ್ಬಿನವರು ಗಂಡ ಹೆಂಡತಿಗೆ ಮುಂದಿನ ಸಾಲಿನ ಎರಡು ಟಿಕೆಟ್ ಕಳಿಸಿದರು. ಗಂಡ ಹಿಂದಿನ ದಿನವೇ ಬೂಟಿಗೆ ಪಾಲಿಶ್ ಹಾಕಿದ. ಕತ್ತರಿಯಕ್ಕ ಮೊದಲ ಸಲ ಮೈದಾನದೊಳಗೆ ಕಾಲಿಟ್ಟು, ಕುರ್ಚಿಯ ಮೇಲೆ ಕೂತು, ಕಣ್ಣು ಕಿರಿದು ಮಾಡಿ ಹತ್ತು ನಿಮಿಷ ನೋಡಿದಳು. ಕನ್ನಡಕ ಒರೆಸಿಕೊಂಡು ಇನ್ನೂ ಹತ್ತು ನಿಮಿಷ ನೋಡಿದಳು.

'ಏನ್ರೀ, ಇಲ್ಲಿಂದ ಒಂದು ಹೊಲಿಗೆನೂ ಕಾಣಲ್ಲ.'

'ಆಟ ನೋಡೇ. ಆಟ ಕಾಣುತ್ತಲ್ಲ.'

'ಅದನ್ನ ಇಟ್ಟುಕೊಂಡು ನಾನೇನು ಮಾಡಲಿ' ಎಂದು ಅವಳು ಅರ್ಧ ಆಟಕ್ಕೆ ಎದ್ದು, ಬಸ್ಸು ಹಿಡಿದು ಮನೆಗೆ ಬಂದಳು. ಅತ್ತೆ ಟಿವಿ ಹಾಕಿಕೊಂಡೇ ಕೂತಿದ್ದರು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಏಳನೇ ನಂಬರಿನವನ ಕಾಲರು ಸರಿಯಾಗಿ ಕೂತಿತ್ತು. ನಾಲ್ಕನೆಯವನು ಎರಡೂ ಕಡೆ ತಿರುಗುತ್ತಿದ್ದ. ಅವಳಿಗೆ ನೆಮ್ಮದಿಯಾಯಿತು.

ಆಗ ನಮ್ಮವರು ಗೋಲು ಹೊಡೆದರು. ಕ್ಯಾಮೆರಾ ಗ್ಯಾಲರಿಯತ್ತ ತಿರುಗಿತು. ಮುಂದಿನ ಸಾಲಿನಲ್ಲಿ ಒಬ್ಬ ನಡುವಯಸ್ಸಿನ ಮನುಷ್ಯ ಕುರ್ಚಿಯ ಮೇಲೆ ನಿಂತು ಕುಣಿಯುತ್ತಿದ್ದ. ಗಾಳಿ ತಣ್ಣಗಾಗಿದ್ದಕ್ಕೆ ಸ್ವೆಟರ್ ಹಾಕಿಕೊಂಡಿದ್ದ. ಅದನ್ನು ಒಳಗುಹೊರಗಾಗಿ ಹಾಕಿಕೊಂಡಿದ್ದರಿಂದ, ಪಕ್ಕೆಯ ಜೋಡುಹೊಲಿಗೆ, ಮೊಣಕೈಗೆ ಒಳಗಿನಿಂದ ಹಾಕಿದ್ದ ತೇಪೆ, ಕುತ್ತಿಗೆಯ ಹಿಂದಿನ ಚೀಟಿ, ಎಲ್ಲವೂ ಊರಿಗೆಲ್ಲ ಕಾಣುತ್ತಿತ್ತು. ಕ್ಯಾಮೆರಾದವನಿಗೆ ಅವನು ಬಹಳ ಹಿಡಿಸಿದ ಹಾಗಿತ್ತು. ಬಿಡಲೇ ಇಲ್ಲ.

'ಅದು ನಮ್ಮವನೇ ಅಲ್ವೇನೇ?' ಎಂದರು ಅತ್ತೆ.

ಕತ್ತರಿಯಕ್ಕ ರಿಮೋಟು ತೆಗೆದುಕೊಂಡು ಚಿತ್ರ ನಿಲ್ಲಿಸಿ, ಹತ್ತಿರ ಹೋಗಿ ನೋಡಿದಳು. 'ತೇಪೆ ನನ್ನದೇ' ಎಂದಳು.

ಸಂಜೆ ಗಂಡ ಗಂಟಲು ಕಟ್ಟಿಕೊಂಡು, ಸ್ವೆಟರ್ ಹಾಗೇ ಹಾಕಿಕೊಂಡು ಬಂದ. ಬಾಗಿಲಲ್ಲೇ ಕೇಳಿದ, 'ಟಿವೀಲಿ ಬಂದ್ನಂತಲ್ಲ. ಬಸ್ಸಲ್ಲಿ ಎಲ್ಲರೂ ಹೇಳಿದ್ರು. ನೀನು ನೋಡಿದ್ಯಾ?'

'ನೋಡ್ದೆ.'

'ಚೆನ್ನಾಗಿ ಕಾಣಿಸ್ತಿದ್ನಾ?'

'ಹೊಲಿಗೆ ಸಮೇತ ಕಾಣಿಸ್ತಿದ್ರಿ.'

ಅವಳ ಬಾಯಿಂದ ಅದಕ್ಕಿಂತ ದೊಡ್ಡ ಮೆಚ್ಚುಗೆ ಅವನು ಕೇಳಿರಲಿಲ್ಲ. ಎದೆಯುಬ್ಬಿಸಿಕೊಂಡು ಕೈಕಾಲು ತೊಳೆಯಲು ಹೋದ.